ಮಾರಾಟದ ಕಾಯಕ, ಮನೆಯ ಸರದಿ

(ಹಿನಕಲ್‌ನಲ್ಲಿ ನಡೆದ ತಿಂಗಳ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಮಾರ್ಕೆಟಿಂಗ್ ಕೆಲಸದಲ್ಲಿರುವ ನಮ್ಮ ಮಕ್ಕಳಿಗೆ ಉಪಯೋಗವಾಗುವಂಥ ನಾಲ್ಕು ಮಾತು ಹೇಳಿ ಎಂದು ಗೋಷ್ಠಿಯವರು ಕೇಳಿದರು. ಎಂಜಿನಿಯರಿಗೂ ಮಾರಾಟಕ್ಕೂ ಏನು ನಂಟು ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಹಿನಕಲ್ ಇರುವ ಜಾಗವನ್ನೇ ನೋಡಿ. ಒಂದು ಕಡೆ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳು, ಇನ್ಫೋಸಿಸ್. ಇನ್ನೊಂದು ಕಡೆ ಹುಣಸೂರು ರಸ್ತೆ. ಅಡ್ಡಲಾಗಿ ರಿಂಗ್ ರೋಡು. ಬೆಳಿಗ್ಗೆ ಫ್ಲೈಓವರ್ ಹತ್ತಿರ ನಿಂತರೆ ಮೆಡಿಕಲ್ ರೆಪ್‌ಗಳು, ಸೋಪು ಬಿಸ್ಕತ್ತಿನ ಸೇಲ್ಸ್‌ನವರು, ವಿಮೆಯವರು, ಸೈಟು ತೋರಿಸುವವರು ಬೈಕಿನಲ್ಲಿ ಸಾಲಾಗಿ ಹೋಗುತ್ತಾರೆ. ಅವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ರಾತ್ರಿ ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದು ಮಾತ್ರ ಮನೆಯವರಿಗೂ ಗೊತ್ತಿರುವುದಿಲ್ಲ.

ಅವರ ಕಷ್ಟ ಕೇಳಿದಾಗ ನನಗೆ ನೆನಪಾಗುವುದು ಸರ್ಕಾರಿ ಕೆಲಸದ ಮಾರ್ಚ್ ತಿಂಗಳು. ಹನ್ನೊಂದು ತಿಂಗಳು ನಿಧಾನವಾಗಿ ತೆವಳುವ ಕಡತ ಮಾರ್ಚ್ ಬಂದ ಕೂಡಲೇ ಓಡತೊಡಗುತ್ತದೆ. ಕಾಂಕ್ರೀಟಿನ ಬಲವನ್ನು 28ನೇ ದಿನ ಪರೀಕ್ಷೆ ಮಾಡಬೇಕು. 25ನೇ ತಾರೀಖು ಹಾಕಿದ ಕಾಂಕ್ರೀಟಿಗೆ 31ರೊಳಗೆ ಬಿಲ್ಲು ಆಗಬೇಕು ಎಂದರೆ ಅದು ಎಂಥ ಕೆಲಸ ಎಂದು ನೀವೇ ಯೋಚಿಸಿ. ನಮಗೆ ಅದು ವರ್ಷಕ್ಕೊಂದು ಸಲ. ಮಾರಾಟದವರಿಗೆ ಪ್ರತಿ ತಿಂಗಳೂ ಒಂದು ಮಾರ್ಚ್.

ತಿಂಗಳ ಕೊನೆಯ ವಾರ ಏನಾಗುತ್ತದೆ? ಟಾರ್ಗೆಟ್ ಮುಟ್ಟಲಿಲ್ಲ ಎಂದು ಸ್ಟಾಕಿಸ್ಟ್ ಮುಂದೆ ಕೈಮುಗಿದು, ಅವರಿಗೆ ಬೇಡದ ಮಾಲನ್ನು ತುಂಬಿಸಿ ಬರುತ್ತಾರೆ. ಕಾಗದದ ಮೇಲೆ ಗುರಿ ಮುಟ್ಟಿತು. ಗೋದಾಮಿನಲ್ಲಿ ಮಾಲು ಹಾಗೇ ಕೂತಿರುತ್ತದೆ. ಮುಂದಿನ ತಿಂಗಳ ಮೊದಲ ಹತ್ತು ದಿನ ಅಲ್ಲಿ ಹೊಸ ಆರ್ಡರ್ ಹುಟ್ಟುವುದಿಲ್ಲ. ಕೆಲವು ಸಲ ಮಾಲೇ ವಾಪಸ್ ಬರುತ್ತದೆ. ಆ ಹತ್ತು ದಿನದ ಹಳ್ಳ ಮುಚ್ಚಲು ಮತ್ತೆ ಕೊನೆಯ ವಾರ ರಾತ್ರಿ ಹತ್ತರವರೆಗೆ ಓಡಾಟ. ದುಡಿಮೆ ಕಡಿಮೆಯಾಗಿ ಬಂದ ಆತುರವಲ್ಲ ಇದು, ಹೋದ ತಿಂಗಳ ಆತುರ ಹೆತ್ತ ಆತುರ.

ಆದ್ದರಿಂದ ಮೊದಲ ಸಲಹೆ, ಗುರಿಯನ್ನು ಮೂವತ್ತರಿಂದ ಭಾಗಿಸಬೇಡಿ. ಭಾನುವಾರ, ಹಬ್ಬ, ಮೀಟಿಂಗ್ ದಿನಗಳನ್ನು ಕಳೆದು, ಕೈಗೆ ನಿಜವಾಗಿ ಸಿಗುವ ದಿನಗಳೆಷ್ಟು ಎಂದು ಎಣಿಸಿ. ಲೆಕ್ಕ 24ನೇ ತಾರೀಖಿಗೆ ಮುಗಿಯುವಂತೆ ಹಾಕಿಕೊಳ್ಳಿ. ಉಳಿದ ದಿನಗಳು ಮಳೆಗೆ, ಜ್ವರಕ್ಕೆ, ಬಾಗಿಲು ಹಾಕಿದ ಅಂಗಡಿಗೆ. ನಾವು ಸೇತುವೆಗೆ ಸುರಕ್ಷತೆಯ ಅಂಶ ಅಂತ ಇಡುವುದು ಇದನ್ನೇ. ಮೊದಲ ಎರಡು ತಿಂಗಳು ಇದು ಕಷ್ಟ, ಹಳೆಯ ಹಳ್ಳ ಮುಚ್ಚಬೇಕಲ್ಲ.

ಇನ್ನು ದಾರಿಯ ವಿಷಯ. ಬೆಳಿಗ್ಗೆ ಹುಣಸೂರಿಗೆ ಹೋಗಿ ಬಂದು, ಮಧ್ಯಾಹ್ನ ಯಾರೋ ಕರೆದರೆಂದು ನಂಜನಗೂಡಿಗೆ ಓಡಿದರೆ ಬೈಕಿನ ಮೇಲೆಯೇ 130 ಕಿಲೋಮೀಟರ್ ಆಗುತ್ತದೆ. ಬೆನ್ನು ನೋವು ಬಂತು, ಪೆಟ್ರೋಲ್ ಹೋಯಿತು, ಮಾತಾಡಿದ್ದು ನಾಲ್ಕೇ ಅಂಗಡಿಯವರ ಜೊತೆ. ಹುಣಸೂರು ರಸ್ತೆಗೆ ಒಂದು ದಿನ, ನಂಜನಗೂಡಿಗೆ ಒಂದು ದಿನ, ಸಂತೇಪೇಟೆಯ ಸಗಟು ಅಂಗಡಿಗಳಿಗೆ ಒಂದು ದಿನ ಎಂದು ಬೀಟ್ ಕಟ್ಟಿಕೊಂಡು, ಅದನ್ನು ಅಂಗಡಿಯವರಿಗೂ ಹೇಳಿಬಿಡಿ. ಬುಧವಾರ ಬರುವ ಹುಡುಗ ಎಂದು ಗೊತ್ತಾದರೆ ಅವರೇ ಪಟ್ಟಿ ಬರೆದಿಟ್ಟಿರುತ್ತಾರೆ. ದಿನದ ವರದಿಯನ್ನು ಕೊನೆಯ ಅಂಗಡಿಯ ಪಕ್ಕದ ಟೀ ಹೋಟೆಲಿನಲ್ಲೇ ಕೂತು ಮುಗಿಸಿ. ಅದು ಮನೆಯ ಊಟದ ತಟ್ಟೆ ಪಕ್ಕಕ್ಕೆ ಬರಕೂಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1899ರ ಸುಮಾರಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ದಖ್ಖನಿನ ಕಾಲುವೆಗಳಿಗೆ ಬ್ಲಾಕ್ ಪದ್ಧತಿ ತಂದರು. ಜಮೀನನ್ನು ವಿಂಗಡಿಸಿ, ನೀರನ್ನು ಸರದಿಯ ಮೇಲೆ ಹೆಚ್ಚು ಹಳ್ಳಿಗಳಿಗೆ ಹಂಚುವ ಕ್ರಮ ಅದು. ನಮ್ಮ ಮಂಡ್ಯದ ಕಡೆ ಕಟ್ಟು ನೀರು ಅನ್ನುತ್ತಾರಲ್ಲ, ಅದರ ಹಿಂದೆಯೂ ಸರದಿಯ ವಿಚಾರವೇ ಇದೆ. ಸರದಿ ಇಲ್ಲದಿದ್ದರೆ ತಲೆಭಾಗದವನ ಗದ್ದೆ ತುಂಬಿ ಹರಿಯುತ್ತದೆ, ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಕೆಸರೂ ಇಲ್ಲ. ದಿನದ ಹೊತ್ತನ್ನು ಸರದಿಯಿಲ್ಲದೆ ಬಿಟ್ಟರೆ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ಆ ಕೊನೆಯ ರೈತನ ಹಾಗೆ. ಮೇಲಿನವರೆಲ್ಲ ಕುಡಿದು ಉಳಿದರೆ ಅವರಿಗೆ. ತೂಬಿಗೆ ಬಾಗಿಲು ಬೇಕು. ಇಲ್ಲಿ ಆ ಬಾಗಿಲು ಯಾವುದೆಂದರೆ ಫೋನು.

ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಮ್ಯಾನೇಜರ್ ನಾಳಿನ ಅಂಕಿ ಕೇಳುತ್ತಾರೆ. ಒಬ್ಬರು ಉತ್ತರಿಸಿದರೆ ಉಳಿದವರಿಗೆ ಭಯ. ಜಗಳ ಬೇಡ. ಒಂದೇ ಸಲ, ವಿನಯವಾಗಿ, ಬರಹದಲ್ಲಿ ಹೇಳಿ: ದಿನದ ಅಂಕಿ ಸಂಜೆ 7ರೊಳಗೆ ಕಳಿಸುತ್ತೇನೆ, ಅದಾದ ಮೇಲೆ ತುರ್ತಿದ್ದರೆ ಫೋನ್ ಮಾಡಿ, ಮೆಸೇಜು ಬೆಳಿಗ್ಗೆ ನೋಡುತ್ತೇನೆ ಎಂದು. ಆಮೇಲೆ ಒಂದು ದಿನವೂ ತಪ್ಪದೆ 7ಕ್ಕೆ ಕಳಿಸಿ. ಮಾತು ನಿಲ್ಲುವುದು ಅದರಿಂದ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮೀರಿದ ಕರೆಗಳ ಬಗ್ಗೆ ಕಾನೂನೇ ಇದೆ.

2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಭಾನುವಾರ ಬಿಟ್ಟರೆ ದಿನಕ್ಕೆ 11 ಗಂಟೆ 40 ನಿಮಿಷ. ಸ್ವಂತ ಸಂಸ್ಥೆ ಕಟ್ಟುವವರ ಲೆಕ್ಕ ಬೇರೆ, ಸಂಬಳಕ್ಕೆ ಬಿಸಿಲಲ್ಲಿ ಬೈಕು ಓಡಿಸುವವರ ಲೆಕ್ಕ ಬೇರೆ ಎಂದಷ್ಟೇ ನನ್ನ ಅಭಿಪ್ರಾಯ. ನನಗೆ ಹೆಚ್ಚು ಬೇಸರ ತರುವುದು ನಮ್ಮ ಕಾಯಕದ ಮಾತನ್ನೇ ಟಾರ್ಗೆಟ್ ಮೀಟಿಂಗಿನ ಗೋಡೆಗೆ ಅಂಟಿಸುವುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಅಲ್ಲೇ ಸುರಿದು ಬರುವಂತೆ ಹೇಳಿದ ಕಥೆ ನಮಗೆಲ್ಲ ಗೊತ್ತು. ಸಾಕು ಎಂಬ ಅಳತೆ ಹೇಳಿದ್ದು ಮನೆಯೊಳಗಿಂದ. ಆ ಅರ್ಧವನ್ನು ಬಿಟ್ಟು ಬರೀ ದುಡಿ ಎಂಬ ಅರ್ಧವನ್ನು ಮಾತ್ರ ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಮನೆಯ ಹಿರಿಯರಿಗೆ ಒಂದು ಮಾತು. ಸೊಸೆ ದಿನವಿಡೀ ಆಸ್ಪತ್ರೆ ಆಸ್ಪತ್ರೆ ಅಲೆದು ಡಾಕ್ಟರಿಗಾಗಿ ಕಾದು ಬಂದಿರುತ್ತಾಳೆ. ಅವಳು ಬಂದಮೇಲೆ ಒಲೆ ಹೊತ್ತಬೇಕು ಎನ್ನುವ ಮನೆಯಲ್ಲಿ ಸಮಯ ನಿರ್ವಹಣೆಯ ಉಪನ್ಯಾಸ ಕೊಟ್ಟು ಏನೂ ಪ್ರಯೋಜನವಿಲ್ಲ. ಅನ್ನಕ್ಕೆ ಇಡುವುದು ಗಂಡಸರಿಗೂ ಬರುತ್ತದೆ, ಬರದಿದ್ದರೆ ಒಂದು ವಾರದಲ್ಲಿ ಕಲಿಯಬಹುದು.

ಕೊನೆಯದಾಗಿ ಹಕ್ಕಿನ ವಿಷಯ. ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳಿಗಾಗಿ 1976ರಲ್ಲೇ ಕೇಂದ್ರ ಕಾಯ್ದೆ ಬಂತು. ನೇಮಕಾತಿ ಪತ್ರ ಕೊಡಲೇಬೇಕು, 11 ದಿನದ ಕರ್ತವ್ಯಕ್ಕೆ 1 ದಿನದಂತೆ ಪೂರ್ಣ ಸಂಬಳದ ರಜೆ, 18 ದಿನದ ಸೇವೆಗೆ 1 ದಿನದಂತೆ ಅರ್ಧ ಸಂಬಳದ ವೈದ್ಯಕೀಯ ರಜೆ ಎಂದು ಅದರಲ್ಲಿತ್ತು. 2011ರಲ್ಲಿ ಸೋಪು, ಬಿಸ್ಕತ್ತು, ತಂಪು ಪಾನೀಯ, ಬಣ್ಣ ಮೊದಲಾದ ಉದ್ಯಮಗಳಿಗೂ ವಿಸ್ತರಿಸಿದರು. 2020ರ ಕಾರ್ಮಿಕ ಸಂಹಿತೆಯೊಳಗೆ ಈ ಕಾಯ್ದೆಯನ್ನು ಸೇರಿಸಿಕೊಂಡಿದ್ದಾರೆ. ಕಮಿಷನ್ ಮೇಲಷ್ಟೇ ದುಡಿಯುವ ವಿಮಾ ಏಜೆಂಟರಿಗೆ ಇಂಥ ರಜೆಯಿಲ್ಲ. ಅವರು ತಮ್ಮ ವಾರದ ರಜೆಯನ್ನು ತಾವೇ ಡೈರಿಯಲ್ಲಿ ಮೊದಲು ಬರೆದು, ಗ್ರಾಹಕರನ್ನು ಆಮೇಲೆ ಬರೆಯಬೇಕು.

ಸಂಬಳದ ಕೆಲಸದಲ್ಲಿರುವವರು ಮುಂದಿನ ಗೋಷ್ಠಿಗೆ ನಿಮ್ಮ ನೇಮಕಾತಿ ಪತ್ರ ತನ್ನಿ. ರಜೆ ಎಷ್ಟಿದೆ, ಎಷ್ಟು ತೆಗೆದುಕೊಂಡಿದ್ದೀರಿ ಎಂದು ಕೂತು ಓದೋಣ. ಕನ್ನಡಕ ನಾನೇ ತರುತ್ತೇನೆ.