ಅಂಕಪಟ್ಟಿಯೂ ಆಸರೆಯೂ



ಪದವಿ ತರಗತಿಯ ವಿದ್ಯಾರ್ಥಿಯ ಶೈಕ್ಷಣಿಕ ಸ್ಥಿತಿ, ಮತ್ತು ಆ ಸ್ಥಿತಿ ಕುಂದಿದಾಗ ಅವನಿಗೆ ದೊರೆಯಬೇಕಾದ ಆಸರೆ, ಇವೆರಡನ್ನು ಒಟ್ಟಿಗೆ ಇರಿಸಿಕೊಂಡು ವಿಚಾರ ಮಾಡಬೇಕೆಂದು ಈ ಸಂಕಿರಣದ ಸಂಘಟಕರು ನಿಶ್ಚಯಿಸಿರುವುದು ನನಗೆ ಬಹಳ ಉಚಿತವಾಗಿ ತೋರಿದೆ; ಏಕೆಂದರೆ ಮೊದಲನೆಯದು ಪರೀಕ್ಷಾ ವಿಭಾಗದ ಕೆಲಸವೆಂದೂ ಎರಡನೆಯದು ವಿದ್ಯಾರ್ಥಿ ಕ್ಷೇಮಪಾಲನ ವಿಭಾಗದ ಕೆಲಸವೆಂದೂ ಭಾವಿಸಿ, ಒಂದರ ಕಡತ ಇನ್ನೊಂದರ ಮೇಜಿಗೆ ಎಂದೂ ಹೋಗದಂತೆ ನಡೆದುಕೊಂಡು ಬಂದಿರುವುದೇ ನಮ್ಮಲ್ಲಿನ ರೂಢಿ. ನಾನು ಈ ದಿನ ನಿವೇದಿಸಬೇಕೆಂದಿರುವ ಮಾತು ಒಂದೇ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನೆರವಿನ ಏರ್ಪಾಡುಗಳಿಗೆ ಅಷ್ಟೇನೂ ಬರವಿಲ್ಲ; ಆದರೆ ಅವೆಲ್ಲವೂ ವಿದ್ಯಾರ್ಥಿ ತಾನಾಗಿ ಬಂದು ಬಾಗಿಲು ತಟ್ಟಲೆಂದು ಕಾದು ಕುಳಿತಿವೆ; ಯಾರಿಗೆ ಅವು ಅತ್ಯಂತ ಅವಶ್ಯವೋ ಅವರೇ ಆ ಬಾಗಿಲವರೆಗೆ ನಡೆದುಬರಲು ಅತ್ಯಂತ ಅಶಕ್ತರಾಗಿರುತ್ತಾರೆ.

ಮೊದಲು ಅಂಕಪಟ್ಟಿಯನ್ನೇ ಕೈಗೆತ್ತಿಕೊಳ್ಳೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸೂಚಿಸಿದ, ನಮ್ಮ ಬಹುತೇಕ ವಿಶ್ವವಿದ್ಯಾನಿಲಯಗಳು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಅನುಸರಿಸುತ್ತಿರುವ ಹತ್ತು ಅಂಶಗಳ ಶ್ರೇಣಿ ಪದ್ಧತಿಯಲ್ಲಿ, ಅತ್ಯುನ್ನತವಾದ ‘ಓ’ ಶ್ರೇಣಿಗೆ 10, ಬರಿಯ ತೇರ್ಗಡೆಯ ‘ಪಿ’ ಶ್ರೇಣಿಗೆ 4, ಅನುತ್ತೀರ್ಣತೆಯ ‘ಎಫ್’ ಶ್ರೇಣಿಗೆ ಸೊನ್ನೆ. ಪ್ರತಿಯೊಂದು ವಿಷಯದ ಶ್ರೇಣಿ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವುದೇ ಆ ಸೆಮಿಸ್ಟರಿನ ಸರಾಸರಿ, ಎಂದರೆ ವಿದ್ಯಾರ್ಥಿಗಳ ಬಾಯಿಯಲ್ಲಿ ಎಸ್‌ಜಿಪಿಎ. ಒಬ್ಬ ವಿದ್ಯಾರ್ಥಿನಿಗೆ 20 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ಮೂರು ವಿಷಯಗಳಿಗೆ 7, 6, ಸೊನ್ನೆ, ಮೂರು ಕ್ರೆಡಿಟ್‌ನ ಎರಡು ವಿಷಯಗಳಿಗೆ 8, 7, ಎರಡು ಕ್ರೆಡಿಟ್‌ನ ಒಂದು ವಿಷಯಕ್ಕೆ 9 ಅಂಶಗಳು ಬಂದುವೆಂದು ಇಟ್ಟುಕೊಳ್ಳಿ. ಗುಣಲಬ್ಧಗಳ ಮೊತ್ತ 115, ಸರಾಸರಿ 5.75. ಆ ಒಂದು ವಿಷಯದಲ್ಲಿ ಆಕೆ ತೇರ್ಗಡೆಯ ಗೆರೆಯನ್ನು ಮುಟ್ಟಿದ್ದರೆ ಸಾಕಾಗಿತ್ತು, ಮೊತ್ತ 131ಕ್ಕೆ ಏರಿ ಸರಾಸರಿ 6.55 ಆಗುತ್ತಿತ್ತು. ಕೆಲವೇ ಅಂಕಗಳ ಕೊರತೆ ಇಡೀ ಸೆಮಿಸ್ಟರಿನ ಮುಖವನ್ನು ಹೀಗೆ ಬದಲಾಯಿಸುತ್ತದೆ.

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಅಡಗಿವೆ. ತೇರ್ಗಡೆಗೆ ಎರಡು ಅಂಕ ಸಾಲದೆ ಹೋದವಳಿಗೂ, ಪರೀಕ್ಷಾ ಮಂದಿರದ ಕಡೆ ತಲೆಹಾಕದವನಿಗೂ ದೊರೆಯುವ ಶ್ರೇಣಿ ಅಂಶ ಒಂದೇ, ಸೊನ್ನೆ. ಒಬ್ಬರ ಪರಿಶ್ರಮವೂ ಇನ್ನೊಬ್ಬರ ಗೈರುಹಾಜರಿಯೂ ಸರಾಸರಿಯೊಳಗೆ ಸಮನಾಗಿ ಲಯವಾಗಿಬಿಡುತ್ತವೆ. ಎರಡನೆಯದಾಗಿ, ಎಲ್ಲ ವಿಷಯಗಳಲ್ಲಿಯೂ ಸಾಧಾರಣವಾಗಿರುವ ಹುಡುಗನೊಬ್ಬನ ಸರಾಸರಿಯೂ ಇದೇ 5.75ರ ಸಮೀಪದಲ್ಲಿ ನಿಲ್ಲಬಹುದು. ಅವನಿಗೆ ಬೇಕಾದುದು ವರ್ಷಪೂರ್ತಿಯ, ತಾಳ್ಮೆಯ ಬುನಾದಿ ಕೆಲಸ. ಈಕೆಗೆ ಬೇಕಾದುದು ಒಂದು ವಿಷಯವನ್ನು ಒಂದು ತಿಂಗಳು ಎದುರಿಗೆ ಕೂರಿಸಿಕೊಂಡು ಹೇಳಿಕೊಡುವ ಒಬ್ಬ ಅಧ್ಯಾಪಕ. ಸರಾಸರಿಯ ಪಟ್ಟಿಯೊಂದನ್ನೇ ಹಿಡಿದು ‘ನಿಧಾನಗತಿಯ ಕಲಿಕೆಯವರು’ ಎಂದು ಗೆರೆ ಎಳೆದು, ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಕೊಠಡಿಗೆ ತಳ್ಳುವ ಪರಿಪಾಟಿಯು ಇಬ್ಬರಿಗೂ ಉಪಕಾರ ಮಾಡಲಾರದು.

ಹಾಜರಿಯ ವಿಷಯದಲ್ಲಂತೂ ನಮ್ಮ ಕ್ರಮ ಇನ್ನಷ್ಟು ವಿಚಿತ್ರವಾದುದು. ನಾಲ್ಕು ಕ್ರೆಡಿಟ್‌ನ ವಿಷಯಕ್ಕೆ ಸೆಮಿಸ್ಟರಿಗೆ ಸುಮಾರು 60 ತರಗತಿಗಳು. ಶೇಕಡಾ 75ರ ನಿಯಮದಂತೆ 45ರಲ್ಲಿ ಹಾಜರಿರತಕ್ಕದ್ದು. ಎಂದರೆ 15 ತರಗತಿಗಳನ್ನು ತಪ್ಪಿಸಿಕೊಂಡವನು ಇನ್ನೊಂದನ್ನು ತಪ್ಪಿಸಿಕೊಳ್ಳುವಂತಿಲ್ಲ. ಎಂಟನೆಯ ವಾರದ ಹೊತ್ತಿಗೆ 12 ತಪ್ಪಿಸಿಕೊಂಡಿರುವ ಹುಡುಗನಿಗೆ ಉಳಿದಿರುವುದು ಮೂರೇ ಎಂಬ ಲೆಕ್ಕವನ್ನು ಯಾವ ಗುಮಾಸ್ತರಾದರೂ ಅಂದೇ ಹಾಕಬಲ್ಲರು. ಆದರೆ ‘ಶಾರ್ಟೇಜ್’ ಪಟ್ಟಿ ಸೂಚನಾಫಲಕವನ್ನು ಏರುವುದು ಪರೀಕ್ಷೆಯ ಪ್ರವೇಶಪತ್ರ ಹಂಚುವ ವಾರದಲ್ಲಿ. ಆಗ ನಡೆಯುವ ದೃಶ್ಯವನ್ನು ಇಲ್ಲಿರುವವರೆಲ್ಲರೂ ಬಲ್ಲಿರಿ: ಪ್ರಾಂಶುಪಾಲರ ಕೊಠಡಿಯ ಹೊರಗೆ ಉದ್ದನೆಯ ಸಾಲು, ಊರಿನಿಂದ ಕೂಲಿ ಬಿಟ್ಟು ಬಂದ ತಂದೆ, ಕೈಯಲ್ಲಿ ಹಿಂದಿನ ದಿನವಷ್ಟೇ ಬರೆಸಿದ ವೈದ್ಯಕೀಯ ಪ್ರಮಾಣಪತ್ರ, ಮತ್ತು ಯಾವ ನಿಯಮವನ್ನೂ ಪೂರ್ತಿ ಪಾಲಿಸಲಾಗದೆ ಯಾರನ್ನೂ ಪೂರ್ತಿ ಕೈಬಿಡಲಾಗದೆ ಸಂಕಟಪಡುವ ಪ್ರಾಂಶುಪಾಲರು.

ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ, ನಾಲ್ಕು ಅಂಶಗಳ ಮಾಪನದಲ್ಲಿ ವಿದ್ಯಾರ್ಥಿಯ ಸರಾಸರಿ 2.0ಕ್ಕಿಂತ ಕೆಳಗಿಳಿದರೆ, ಅವನನ್ನು ಹೊರಹಾಕುವ ಮುನ್ನ ಎಚ್ಚರಿಕೆಯ ಒಂದು ನಡುವಣ ಅವಸ್ಥೆಯಲ್ಲಿ ಇರಿಸುವ ಪದ್ಧತಿಯುಂಟು. ಅವನಿಗೆ ಪತ್ರ ಹೋಗುತ್ತದೆ, ಸಲಹೆಗಾರರನ್ನು ಕಾಣಬೇಕೆಂಬ ಸೂಚನೆ ಬರುತ್ತದೆ, ಚೇತರಿಸಿಕೊಳ್ಳಲು ಕಾಲಾವಧಿ ನಿಗದಿಯಾಗುತ್ತದೆ. ಆ ದೇಶದ ಶಿಕ್ಷಣದ ವೆಚ್ಚವನ್ನು ನೆನೆದರೆ ಅದನ್ನೆಲ್ಲ ಅನುಕರಣೀಯವೆಂದು ಹೊಗಳಲು ನಾನು ಸಿದ್ಧನಿಲ್ಲ. ಆದರೂ ಆ ನಡುವಣ ಅವಸ್ಥೆ ನಮ್ಮಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ನಮ್ಮ ವಿದ್ಯಾರ್ಥಿ ಒಂದು ದಿನ ‘ಪಾಸು’, ಇನ್ನೊಂದು ದಿನ ‘ಸಬ್ಜೆಕ್ಟ್ ಹೋಯಿತು’, ಮತ್ತೊಂದು ದಿನ ‘ಇಯರ್ ಬ್ಯಾಕ್’. ಈ ಮೂರರ ನಡುವೆ ಯಾರೂ ಅವನನ್ನು ಕರೆದು ಮಾತನಾಡಿಸಿರುವುದಿಲ್ಲ.

ಇಂಥ ಸಂದರ್ಭಗಳಲ್ಲಿ ಶ್ರೀನಿವಾಸ ರಾಮಾನುಜನ್ನರೂ ಫೇಲಾಗಿದ್ದರು, ಆರ್. ಕೆ. ನಾರಾಯಣರೂ ಫೇಲಾಗಿದ್ದರು ಎಂದು ಸಮಾಧಾನ ಹೇಳುವುದು ನಮ್ಮ ಅಧ್ಯಾಪಕರಿಗೆ ಬಹಳ ಪ್ರಿಯವಾದ ಅಭ್ಯಾಸ. ಆ ಉದಾಹರಣೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅವು ಬೇರೆಯೇ ಮಾತನ್ನು ಹೇಳುತ್ತವೆ. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಗಣಿತವೊಂದನ್ನುಳಿದು ಮಿಕ್ಕ ವಿಷಯಗಳಲ್ಲಿ ಹಿಂದೆ ಬಿದ್ದ ರಾಮಾನುಜನ್ನರಿಗೆ ಸಂಸ್ಥೆ ಕೊಟ್ಟ ಉತ್ತರವೆಂದರೆ ವಿದ್ಯಾರ್ಥಿವೇತನದ ರದ್ದು. ಆಸರೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದನ್ನು ಹಿಂದೆಗೆದುಕೊಳ್ಳಲಾಯಿತು, ಹುಡುಗ ಮನೆಬಿಟ್ಟು ಹೋದ. ಮುಂದೆ 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯವೇ ಅವರಿಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತಾದರೂ, ನಡುವಣ ವರ್ಷಗಳಲ್ಲಿ ಅವರನ್ನು ಕಾಪಾಡಿದುದು ಕೆಲವು ಮಂದಿ ಸಹೃದಯರ ವೈಯಕ್ತಿಕ ಔದಾರ್ಯ. ನಾರಾಯಣರಾದರೋ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮೇಲೆ ಮೈಸೂರಿನ ಮನೆಯಲ್ಲಿ ಒಂದು ವರ್ಷ ಪುಸ್ತಕಗಳನ್ನೋದುತ್ತ ಕಳೆದು, ಆ ಬಳಿಕ ಮಹಾರಾಜಾ ಕಾಲೇಜಿಗೆ ಸೇರಿ, 1930ರಲ್ಲಿ ಪದವೀಧರರಾದರು. ತಂದೆ ಮುಖ್ಯೋಪಾಧ್ಯಾಯರು, ಓದಲು ಪುಸ್ತಕಭಂಡಾರವಿತ್ತು, ಒಂದು ವರ್ಷದ ನಷ್ಟವನ್ನು ತಾಳಿಕೊಳ್ಳುವ ಮನೆಯಿತ್ತು. ರಾಯಚೂರಿನ ಕಡೆಯಿಂದ ಬಂದು ಸರ್ಕಾರಿ ಹಾಸ್ಟೆಲಿನಲ್ಲಿರುವ ಹುಡುಗಿಗೆ ವರ್ಷ ಹೋದರೆ ಅದರೊಡನೆ ವಿದ್ಯಾರ್ಥಿವೇತನದ ನವೀಕರಣ ತೊಡಕಿಗೆ ಬೀಳುತ್ತದೆ, ಹಾಸ್ಟೆಲಿನ ಸ್ಥಾನವೂ ಅನುಮಾನಕ್ಕೆ ಬೀಳುತ್ತದೆ, ಊರಿನಲ್ಲಿ ಮದುವೆಯ ಮಾತು ಏಳುತ್ತದೆ. ಆಕೆಗೆ ನಾರಾಯಣರ ಕಥೆಯನ್ನು ಹೇಳಿ ಬೆನ್ನು ತಟ್ಟುವುದು ಸುಲಭ.

ಆಸರೆ ಕೊಡುವ ವಿದ್ಯೆ ನಮ್ಮ ನಾಡಿಗೆ ಹೊಸತೇನೂ ಅಲ್ಲವಷ್ಟೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು ಮುಂದೆ ನ್ಯಾಯಾಧೀಶರೂ ಪ್ರಾಧ್ಯಾಪಕರೂ ಆದುದನ್ನು ಹಳೆಯ ಮೈಸೂರಿನ ಆತ್ಮಕಥೆಗಳು ಪುಟಪುಟದಲ್ಲಿ ಹೇಳುತ್ತವೆ. ಆದರೆ ಯಾರು ಯಾರ ಮನೆಯ ಪಡಸಾಲೆಯಲ್ಲಿ ಎಲೆಯ ಮುಂದೆ ಕೂರಬಹುದೆಂಬುದನ್ನು ಜಾತಿ ನಿಶ್ಚಯಿಸುತ್ತಿದ್ದ ಕಾಲದ ಏರ್ಪಾಡು ಅದು ಎಂಬುದನ್ನು ಮರೆತು ಅದನ್ನು ಸುವರ್ಣಯುಗವೆಂದು ಕೊಂಡಾಡಲಾಗದು. ಆ ಕೊರತೆಯನ್ನು ತುಂಬಲು ಸಮುದಾಯಗಳ ವಿದ್ಯಾರ್ಥಿನಿಲಯಗಳು, ಮಠಗಳ ಉಚಿತ ಪ್ರಸಾದನಿಲಯಗಳು, ಕಡೆಗೆ ಸರ್ಕಾರದ ಹಾಸ್ಟೆಲುಗಳು ಬಂದುವು. ಇವೆಲ್ಲವುಗಳ ಜೊತೆಗೆ ಗುರುಗಳ ಮನೆಯೂ ಇತ್ತು. ಕುವೆಂಪು ಅವರು ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿರುವುದು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರಂಥ ಅಧ್ಯಾಪಕರ ಬಳಿ ವಿದ್ಯಾರ್ಥಿ ಅರ್ಜಿ ಹಾಕಿಕೊಂಡು ಹೋಗಬೇಕಾಗಿರಲಿಲ್ಲ. ತರಗತಿಯಲ್ಲಿ ಮುಖ ನೋಡಿಯೇ ಕರೆಯುವಷ್ಟು ತರಗತಿ ಚಿಕ್ಕದಾಗಿತ್ತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಈಗಿನ ಸ್ಥಿತಿ ಏನು? ನಮ್ಮ ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇರುವರೆಂದು ಕಾಗದದಲ್ಲಿದೆ. ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಮೆಂಟರ್ ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳೆಂಬ ಅನುಪಾತವನ್ನು ಒಪ್ಪಿಸುತ್ತೇವೆ. ಮೆಂಟರುಗಳು ಇಡಬೇಕಾದ ಡೈರಿಗಳು ತಜ್ಞರ ತಂಡ ಬರುವ ಹಿಂದಿನ ವಾರ ಒಂದೇ ಬಣ್ಣದ ಶಾಯಿಯಲ್ಲಿ ತುಂಬಿಕೊಳ್ಳುವ ಪವಾಡವನ್ನು ನಾನು ವಿವರಿಸಬೇಕಾಗಿಲ್ಲ. ಇದರಲ್ಲಿ ಅಧ್ಯಾಪಕರನ್ನಷ್ಟೇ ದೂಷಿಸುವುದು ಅನ್ಯಾಯವಾದೀತು. ಎಷ್ಟೋ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುವೆವೋ ಇಲ್ಲವೋ ತಿಳಿಯದವರು ಮೂರು ವರ್ಷಗಳ ಆಸರೆಯ ಭರವಸೆಯನ್ನು ಹೇಗೆ ಕೊಟ್ಟಾರು? ಹೀಗಾಗಿ ವಿದ್ಯಾರ್ಥಿಗೆ ನಿಜವಾಗಿ ದಾರಿ ತೋರಿಸುತ್ತಿರುವವರು ಮೂವರು: ಸೀನಿಯರ್, ಪರೀಕ್ಷಾ ವಿಭಾಗದ ವಿಷಯ ನಿರ್ವಾಹಕರು, ಮತ್ತು ಕಾಲೇಜಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿಯವನು. ಈ ಮೂರನೆಯವನನ್ನು ಲಘುವಾಗಿ ಎಣಿಸಬೇಡಿ. ಮರುಮೌಲ್ಯಮಾಪನಕ್ಕೆ ಕಡೆಯ ದಿನ ಯಾವುದು, ದಂಡಸಹಿತ ಕಡೆಯ ದಿನ ಯಾವುದು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಹೊಂದದಿದ್ದರೆ ಏನು ಮಾಡಬೇಕು, ಇವೆಲ್ಲವೂ ಅವನಿಗೆ ಕಂಠಸ್ಥ.

ಆ ಅಂಗಡಿಯವನಿಗೂ ತಿಳಿದಿರಲಾರದ, ವಿದ್ಯಾರ್ಥಿಯ ಕೆಲವು ಹಕ್ಕುಗಳೂ ಉಂಟು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಅಡಿಯಲ್ಲಿ ನೋಡಲು ವಿದ್ಯಾರ್ಥಿ ಅರ್ಹನೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಪು ಕೊಟ್ಟಿದೆ. ಧನಸಹಾಯ ಆಯೋಗದ 2023ರ ನಿಯಮಾವಳಿಯು ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಸಮಿತಿಯನ್ನೂ, ಅದರ ಮೇಲೆ ಮೇಲ್ಮನವಿಗೆ ಒಬ್ಬ ಓಂಬುಡ್ಸ್‌ಪರ್ಸನ್ನರನ್ನೂ ಕಡ್ಡಾಯಗೊಳಿಸಿದೆ. ಅದೇ ವರ್ಷ ಆಯೋಗವು, ಬೋಧನೆ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಿರೆಂದು ವಿಶ್ವವಿದ್ಯಾನಿಲಯಗಳನ್ನು ಕೋರಿತು. ಈ ಕಡೆಯದು ನಮ್ಮ ಪಾಲಿಗೆ ಬಹಳ ದೊಡ್ಡ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಿ.ಎಸ್‌ಸಿ.ಗೆ ಬಂದ ಹುಡುಗನಿಗೆ ದ್ಯುತಿಸಂಶ್ಲೇಷಣೆಯೂ ಗೊತ್ತು, ಆಮ್ಲ–ಪ್ರತ್ಯಾಮ್ಲಗಳೂ ಗೊತ್ತು. ಮೊದಲನೆಯ ಸೆಮಿಸ್ಟರಿನಲ್ಲಿ ಅವನು ಸೋಲುವುದು ರಸಾಯನಶಾಸ್ತ್ರದಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಮನಸ್ಸಿನ ಆರೋಗ್ಯದ ಬಗ್ಗೆ ನಾಳೆ ಪ್ರತ್ಯೇಕ ಗೋಷ್ಠಿಯಿರುವುದರಿಂದ ಒಂದೆರಡು ಮಾತಷ್ಟೆ. ಫಲಿತಾಂಶ ಬಂದ ಮೇಲೆ ಊರಿಗೆ ಹೋಗದೆ, ಮನೆಯಿಂದ ಬಂದ ಫೋನನ್ನು ಎತ್ತದೆ, ಮೆಸ್ಸಿಗೂ ಇಳಿಯದೆ ಕೊಠಡಿಯಲ್ಲಿಯೇ ಉಳಿದ ಹುಡುಗನನ್ನು ಮೊದಲು ಗಮನಿಸುವವರು ಹಾಸ್ಟೆಲಿನ ವಾರ್ಡನ್ ಹಾಗೂ ಅಡಿಗೆಯವರು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ–ಮಾನಸ್ ಎಂಬ ಮಾನಸಿಕ ನೆರವಿನ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಉತ್ತರಿಸುತ್ತದೆ. ಅದನ್ನು ಮುನ್ನಡೆಸುತ್ತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆ ಸಂಖ್ಯೆ ಅಡಿಗೆಯವರಿಗೂ ತಿಳಿದಿರಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೋರಿಕೆ. ನಿಮ್ಮ ಕೋರ್ಸಿನ ನಿಯಮಾವಳಿಯಲ್ಲಿ ತೇರ್ಗಡೆ, ಬಾಕಿ ವಿಷಯ, ಮುಂದಿನ ವರ್ಷಕ್ಕೆ ಬಡ್ತಿ, ಪದವಿ ಮುಗಿಸಲು ಇರುವ ಗರಿಷ್ಠ ಅವಧಿ, ಈ ನಾಲ್ಕು ಅಂಶಗಳಿರುವ ಪುಟಗಳನ್ನು ಪರೀಕ್ಷೆಗೆ ಮೊದಲೇ ಓದಿಕೊಳ್ಳಿ. ಅರ್ಥವಾಗದಿದ್ದರೆ ಅರ್ಥವಾಗುವವರೆಗೆ ಕೇಳಿ. ಕೇಳಿಸಿಕೊಂಡು ಬೇಸರಪಡುವವರು ಪಡಲಿ.

ಆಡಳಿತದವರಿಗೆ ನನ್ನ ಸಲಹೆಗಳು ಎರಡೇ, ಎರಡಕ್ಕೂ ಹೊಸ ಅನುದಾನ ಬೇಕಾಗಿಲ್ಲ. ಪ್ರತಿ ಕಾಲೇಜೂ ಎಂಟನೆಯ ವಾರದ ಕೊನೆಗೆ ಹಾಜರಿ ಮತ್ತು ಮೊದಲ ಆಂತರಿಕ ಪರೀಕ್ಷೆಯ ಅಂಕಗಳನ್ನು ಒಟ್ಟಿಗೆ ನೋಡಿ, ಅಪಾಯದ ಅಂಚಿನಲ್ಲಿರುವವರನ್ನು ಫಲಕದ ಮೂಲಕ ಅಲ್ಲದೆ ಖುದ್ದಾಗಿ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸತಕ್ಕದ್ದು. ಮತ್ತು ನಿಯಮಾವಳಿಯ ಸಾರವನ್ನು, ಮೇಲೆ ನಾನು ಮಾಡಿದಂಥ ಒಂದು ಲೆಕ್ಕದ ಸಮೇತ, ಎರಡೇ ಪುಟಗಳಲ್ಲಿ, ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರವೇಶದ ದಿನವೇ ವಿದ್ಯಾರ್ಥಿಯ ಜೊತೆಗೆ ತಂದೆತಾಯಿಗಳ ಕೈಗೂ ಕೊಡತಕ್ಕದ್ದು. ಆ ಎರಡು ಪುಟಗಳ ಕರಡನ್ನು ಈ ಸಂಕಿರಣ ಮುಗಿಯುವುದರೊಳಗೆ ಸಿದ್ಧಪಡಿಸಲು ಸಾಧ್ಯವೆಂದು ನಾನು ಎಣಿಸಿದ್ದೇನೆ. ಮುಂದಿನ ಗೋಷ್ಠಿಯಲ್ಲಿ ಪರೀಕ್ಷಾ ವಿಭಾಗದ ಅಧೀಕ್ಷಕರೂ ಅಂತಿಮ ವರ್ಷದ ವಿದ್ಯಾರ್ಥಿಗಳೂ ಒಂದೇ ವೇದಿಕೆಯ ಮೇಲೆ ಕೂರಲಿರುವರೆಂದು ಕಾರ್ಯಕ್ರಮಪಟ್ಟಿ ಹೇಳುತ್ತದೆ. ಕರಡಿನ ಮೊದಲನೆಯ ವಾಕ್ಯವನ್ನು ವಿದ್ಯಾರ್ಥಿಗಳೇ ಬರೆಯಲಿ, ಅಧೀಕ್ಷಕರು ತಿದ್ದಲಿ.