ಋತುಗಳೂ ಬಿಸಿಲಿನ ಓರೆಯೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದ ಬೇಸಗೆಯನ್ನು ಸೊಲ್ಲಾಪುರದವರಿಗೆ ಬಣ್ಣಿಸಬೇಕಾಗಿಲ್ಲ. ಆದರೆ ಅದೇಕೆ ಬರುತ್ತದೆಂದು ನಮ್ಮ ಮಕ್ಕಳನ್ನು ಕೇಳಿದರೆ, "ಆಗ ಸೂರ್ಯ ಹತ್ತಿರ ಬರುತ್ತಾನೆ" ಎಂಬ ಉತ್ತರವೇ ಹೆಚ್ಚಾಗಿ ದೊರೆಯುತ್ತದೆ. ಮಕ್ಕಳನ್ನು ದೂರಿ ಫಲವಿಲ್ಲ. ಹಿರಿಯರಾದ ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಒಲೆಯ ಬಳಿ ಕುಳಿತವರಿಗೆ ಸೆಕೆ ಹೆಚ್ಚೆಂಬ ಅನುಭವದಿಂದ ಹುಟ್ಟಿದ ತಪ್ಪು ಅದು.

ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ನಾವು ಕಂಬಳಿ ಹೊದೆಯುವ ಕಾಲದಲ್ಲಿ. ಆಗಿನ ದೂರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರು. ಜುಲೈ ಮೊದಲ ವಾರದಲ್ಲಿ ಅದು 15 ಕೋಟಿ 21 ಲಕ್ಷ. ದೂರವೇ ಕಾರಣವಾಗಿದ್ದಲ್ಲಿ ಭೂಗೋಲಕ್ಕೆಲ್ಲ ಬೇಸಗೆ ಒಮ್ಮೆಗೇ ಬರಬೇಕಾಗಿತ್ತು. ನಮಗೆ ಚಳಿಯಿರುವಾಗ ಆಸ್ಟ್ರೇಲಿಯದವರು ಬೆವರುತ್ತಿರುತ್ತಾರೆ!

ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ಓರೆಯಾಗಿದೆ. ವರ್ಷವಿಡೀ ಅದು ಧ್ರುವನಕ್ಷತ್ರದ ಕಡೆಗೇ ತಿರುಗಿರುತ್ತದೆ. ನಿಂಬೆಯ ಹಣ್ಣಿಗೆ ಕಡ್ಡಿ ಚುಚ್ಚಿ, ಅದನ್ನು ಸದಾ ಒಂದೇ ಗೋಡೆಯ ಕಡೆಗೆ ಓರೆಯಾಗಿ ಹಿಡಿದು, ದೀಪವನ್ನು ಒಂದು ಸುತ್ತು ಬನ್ನಿರಿ. ಒಂದೆಡೆ ಹಣ್ಣಿನ ಮೇಲರ್ಧವು ದೀಪದತ್ತ ಬಾಗಿರುವುದು, ಎದುರು ಬದಿಯಲ್ಲಿ ದೀಪದಿಂದ ಆಚೆಗೆ ಬಾಗಿರುವುದು. ಡಿಸೆಂಬರ್ 21–22ರ ಸುಮಾರಿಗೆ ನಮ್ಮ ಉತ್ತರಾರ್ಧವು ಹೀಗೆ ಆಚೆಗೆ ಬಾಗಿರುತ್ತದೆ. ಅಂದು ಸೊಲ್ಲಾಪುರದಲ್ಲಿ ನಡುಹಗಲಿನ ಸೂರ್ಯನೂ ದಿಗಂತದಿಂದ ಸುಮಾರು 49 ಡಿಗ್ರಿಯಷ್ಟೇ ಏರುತ್ತಾನೆ. ಮೂರು ಚದರ ಅಡಿ ನೆಲಕ್ಕೆ ನೇರವಾಗಿ ಬೀಳಬಹುದಾಗಿದ್ದ ಬಿಸಿಲು ನಾಲ್ಕು ಚದರ ಅಡಿಗೆ ಹರಡುತ್ತದೆ. ಒಂದೇ ಉಂಡೆಯ ಹಿಟ್ಟನ್ನು ಅಗಲವಾಗಿ ಬಡಿದರೆ ರೊಟ್ಟಿ ತೆಳುವಾಗುವುದಿಲ್ಲವೇ? ಹಾಗೆಯೇ ಇದು. ಅದರ ಮೇಲೆ ಹಗಲೂ ಕಿರಿದು: ಸುಮಾರು 11 ಗಂಟೆ, ಜೂನ್ 21ರಂದಾದರೋ 13 ಗಂಟೆಗೂ ಮಿಗಿಲು. ಈ ಸೌಮ್ಯ ಬಿಸಿಲಿನಲ್ಲಿಯೇ ನಮ್ಮ ಹಿಂಗಾರಿ ಜೋಳವು ಎರೆಭೂಮಿಯ ಹಸಿಯನ್ನು ಹೀರಿ ತೆನೆಗಟ್ಟುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಉತ್ತರಾಯಣವು ಮಕರ ಸಂಕ್ರಾಂತಿಯಂದು, ನಮ್ಮ ಸಿದ್ಧರಾಮೇಶ್ವರನ ಜಾತ್ರೆಯ ಕಾಲಕ್ಕೆ, ಆರಂಭವಾಗುವುದಲ್ಲವೇ? ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲಿಯೇ. ಭೂಮಿಯ ಅಕ್ಷವು ನಿಲ್ಲಲಿರುವ ಬುಗುರಿಯಂತೆ ಬಹು ಮೆಲ್ಲಗೆ ತೂಗುವುದರಿಂದ, ನಕ್ಷತ್ರಗಳನ್ನು ಹಿಡಿದು ಎಣಿಸುವ ಸಂಕ್ರಾಂತಿಗೂ ಈ ತಿರುವಿಗೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸುಮಾರು 17 ಶತಮಾನಗಳ ಹಿಂದೆ ಎರಡೂ ಕೂಡಿಯೇ ಬರುತ್ತಿದ್ದವು. ಜಾತ್ರೆಗೆ ಇದರಿಂದ ಯಾವ ಕುಂದೂ ಇಲ್ಲ.

ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಲಾಗದೆಂದು ಹೇಳಿ ಮಕ್ಕಳನ್ನು ಬೇರೆ ಮಾಧ್ಯಮದ ಶಾಲೆಗೆ ಕಳುಹಿಸುವವರು ನಮ್ಮಲ್ಲಿಯೂ ಇದ್ದಾರೆ. ಅವರ ಕಳವಳ ನಮಗೆ ತಿಳಿಯದ್ದಲ್ಲ. ಆದರೆ ಈ ಕಾರಣವನ್ನು ನಾವು ಒಪ್ಪಲಾರೆವು. ಅಕ್ಷ, ಅಯನ, ವಿಷುವ ಎಂಬ ಮಾತುಗಳು ಪಂಚಾಂಗದ ಮೂಲಕ ಎಂದೋ ನಮ್ಮ ಮನೆಗಳನ್ನು ಹೊಕ್ಕಿವೆ.

ಉಪಕರಣವೂ ಬೇಕಾಗಿಲ್ಲ. ಮೇ 10–11ರ ಸುಮಾರಿಗೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಗಡಿಯಾರದ 12ಕ್ಕಲ್ಲ, 12 ಗಂಟೆ 23 ನಿಮಿಷದ ಹೊತ್ತಿಗೆ ಸೂರ್ಯನು ನಡುನೆತ್ತಿಗೆ ಬಂದು ನೆರಳು ಬುಡದಲ್ಲಿ ಅಡಗುವುದು. ಅನಂತರದ ದಿನಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳತೊಡಗುವುದು. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಇದೇ ಯೋಗವುಂಟು, ಮೋಡಗಳು ಎಡೆಗೊಟ್ಟರೆ.