ಇ-ಸಿಗರೇಟ್ ಸುದ್ದಿ: ಓದುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

 

ಹೈದರಾಬಾದಿನ ನಮ್ಮ ಮನೆಗಳಿಗೆ ಸುದ್ದಿ ಮೂರು ಭಾಷೆಗಳಲ್ಲಿ ಬರುತ್ತದೆ: ಟಿವಿಯಲ್ಲಿ ತೆಲುಗು, ಊರಿನ ಪತ್ರಿಕೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್. ಇ-ಸಿಗರೇಟ್ ವಿಷಯದಲ್ಲಂತೂ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಂದರಲ್ಲಿ ಅದು ವಿಷ, ಇನ್ನೊಂದರಲ್ಲಿ ಬರೀ ಆವಿ. ಮಗ ಒಂದನ್ನು ತೋರಿಸುತ್ತಾನೆ, ತಾಯಿ ಇನ್ನೊಂದನ್ನು ಫಾರ್ವರ್ಡ್ ಮಾಡುತ್ತಾಳೆ. ಯಾರನ್ನು ನಂಬುವುದು?

ಮೂರು ಉದಾಹರಣೆ ನೋಡೋಣ.

2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ, ಇ-ಸಿಗರೇಟ್ ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಅಪಾಯಕಾರಿ ಎಂದಿತು. ಜಗತ್ತಿನೆಲ್ಲೆಡೆ ಅದೇ ಶೀರ್ಷಿಕೆ. ಆದರೆ ಆ ಅಂಕಿ ರೋಗಿಗಳನ್ನು ಪರೀಕ್ಷಿಸಿ ಬಂದದ್ದಲ್ಲ, 12 ಮಂದಿ ತಜ್ಞರು ಕೂತು ಮಾಡಿದ ಅಂದಾಜನ್ನು ಆಧರಿಸಿದ್ದು. 'ಲ್ಯಾನ್ಸೆಟ್' ಪತ್ರಿಕೆ ಆಗಲೇ ಇದನ್ನು ಟೀಕಿಸಿತ್ತು.

2019ರ ಜೂನ್‌ನಲ್ಲಿ ಅಮೆರಿಕದ ಹೃದ್ರೋಗ ಸಂಘದ ನಿಯತಕಾಲಿಕವೊಂದು ಇ-ಸಿಗರೇಟಿಗೂ ಹೃದಯಾಘಾತಕ್ಕೂ ನಂಟಿದೆ ಎಂಬ ಲೇಖನ ಪ್ರಕಟಿಸಿತು. 2020ರ ಫೆಬ್ರವರಿಯಲ್ಲಿ ಅದನ್ನು ಹಿಂಪಡೆಯಿತು. ಹೃದಯಾಘಾತ ಮೊದಲೋ, ಇ-ಸಿಗರೇಟ್ ಮೊದಲೋ ಎಂಬುದೇ ಖಚಿತವಿರಲಿಲ್ಲ! ಸಾಫ್ಟ್‌ವೇರ್‌ನಲ್ಲಿ ದೋಷ ಹುಡುಕುವಾಗ ನಾವು ಮೊದಲು ನೋಡುವುದು ಯಾವುದು ಎಷ್ಟು ಗಂಟೆಗೆ ಆಯಿತು ಎಂಬುದನ್ನು. ಸಂಶೋಧನೆಗೂ ಅದೇ ನ್ಯಾಯ.

ಅದೇ ವರ್ಷ ಅಮೆರಿಕದಲ್ಲಿ ಶ್ವಾಸಕೋಶದ ತೀವ್ರ ಕಾಯಿಲೆ ಕಾಣಿಸಿಕೊಂಡಿತು. 2020ರ ಫೆಬ್ರವರಿಯವರೆಗೆ 2,807 ಪ್ರಕರಣಗಳು, ಅವುಗಳಲ್ಲಿ 68 ಸಾವು ದಾಖಲಾದವು. ಇದು ನಿಜವಾದ ದುರಂತ. ಆದರೆ ಹೆಚ್ಚಿನವರು ಸೇದಿದ್ದು ಗಾಂಜಾದ ಅಂಶವಿದ್ದ ದ್ರವ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್‌ಗೂ ಕಾಯಿಲೆಗೂ ಬಲವಾದ ನಂಟು ಕಂಡುಬಂತು. ಈ ವಿವರ ಎಷ್ಟೋ ಶೀರ್ಷಿಕೆಗಳಲ್ಲಿ ಇರಲೇ ಇಲ್ಲ.

ಹಾಗಾದರೆ ಇ-ಸಿಗರೇಟ್ ನಿರಪಾಯವೇ? ಖಂಡಿತ ಅಲ್ಲ. ನಿಕೋಟಿನ್ ಚಟ ಹಿಡಿಸುತ್ತದೆ, ಬೆಳೆಯುವ ಮಕ್ಕಳ ಮೆದುಳಿಗೆ ಕೆಡುಕು. ನಮ್ಮ ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾತೃಸಂಸ್ಥೆಯಾದ ಐಸಿಎಂಆರ್ 2019ರ ಮೇನಲ್ಲಿ ಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ನಂತರ ಕಾಯ್ದೆ ಬಂತು. ಕರ್ನಾಟಕವಂತೂ 2016ರಲ್ಲೇ ನಿಷೇಧಿಸಿತ್ತು. ಇಂದು ಮಾರಿದರೆ ಮೊದಲ ಬಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇನ್ನೊಂದು ಮಾತು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ. 21.4 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ಗುಟ್ಕಾ, ಖೈನಿ, ಎಲೆಯಡಿಕೆಯೊಳಗಿನ ಹೊಗೆಸೊಪ್ಪು ಎಲ್ಲ ಇದರಲ್ಲಿ ಸೇರಿದೆ. ಇದು ಹಳೆಯ ಸುದ್ದಿ, ಹಾಗಾಗಿ ಶೀರ್ಷಿಕೆಯಾಗುವುದಿಲ್ಲ.

ಗೆಳತಿಯರೇ, ಫಾರ್ವರ್ಡ್ ಒತ್ತುವ ಮುನ್ನ ನಾಲ್ಕು ಪ್ರಶ್ನೆ ಕೇಳೋಣ. ಯಾರನ್ನು ಪರೀಕ್ಷಿಸಿದರು? ಯಾವುದಕ್ಕೆ ಹೋಲಿಸಿದರು? ಯಾವುದು ಮೊದಲು ಆಯಿತು? ಹಣ ಕೊಟ್ಟವರು ಯಾರು? ಮಕ್ಕಳನ್ನು ಹೆದರಿಸಲು ಉಪ್ಪು ಖಾರ ಹಚ್ಚಿ ಹೇಳಿದರೆ, ಅವರು ಎರಡೇ ನಿಮಿಷದಲ್ಲಿ ಹುಡುಕಿ ಅದು ಸುಳ್ಳೆಂದು ತೋರಿಸುತ್ತಾರೆ. ಆಮೇಲೆ ನಾವು ಹೇಳುವ ನಿಜವನ್ನೂ ನಂಬುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳೋಣ. ಬೇಡ ಎನ್ನಲು ಅಷ್ಟೇ ಸಾಕು.